ಪತ್ರಿಗಿಡದ ಬುಡದ ಜರಿ

ಬಿಳಿ ತಾಟಿನ ಅಂಚಿನವರೆಗೆ ಹೋದ ಜರಿಹುಳ ಅಲ್ಲಿಂದ ಹೊರಳಲಿಲ್ಲ. ಹೊರಳುವ ಗೊಡವೆಯೇ ತನಗೆ ಬೇಡವೆಂಬಂತೆ ಬಾಲವನ್ನೇ ಮುಂದೆ ಮಾಡಿ ಹಿಂದಕ್ಕೆ ನಡೆಯತೊಡಗಿತು. ರಾಚಯ್ಯ ಚಿಮಟ ಕೈಗೆತ್ತಿಕೊಂಡ. ಎಣ್ಣೆ ಸವರಿದ ನೂಲಿನೆಳೆಯಂಥ ಮೈ, ಎರಡೂ ಬದಿಗೆ ಒಂದರ ಹಿಂದೊಂದು ಏಳುತ್ತ ಬೀಳುತ್ತ ಸಾಗುವ ಕಾಲುಗಳು. ಚಿಮಟದಲ್ಲಿ ಹಿಡಿದ ಕೂಡಲೇ ಅದು ಚಿಮಟಕ್ಕೇ ಸುತ್ತಿಕೊಂಡು ಹೊಟ್ಟೆಯಡಿಯಿಂದ ಅಂಟು ಬಿಟ್ಟಿತು. ಉಸಿರು ಬಿಗಿಹಿಡಿದು ಅದನ್ನು ಸ್ಪಿರಿಟ್ಟಿನ ಸೀಸೆಯೊಳಗೆ ಝಾಡಿಸಿದ.

"ಮತ್ತ ಹಿಡಿದ್ಯಾ ಅದನ್ನ?" ಒಳಗಿನಿಂದ ತಾಯಿ ಗುರುಲಿಂಗವ್ವ ಕೂಗಿದಳು. "ಕೈ ತೊಳೀಲಾರದ ಒಳಗ ಕಾಲಿಟ್ಟೀ ಅಂದ್ರ ನೋಡು. ಹುಳಾ ಹಿಡಿಯಾಂವಗ ಹೆಣ್ಣ ಯಾರ ಕೊಡ್ತಾರೋ ತಮ್ಮಾ? ನಿನ್ನ ನೋಡಿಹೋದ ಗುಡೂರಿನವ್ರು ತಿರುಗಿ ಬಂದ್ರೇನು?"

ಕೈಯ ವಿಚಾರವೇ ದೊಡ್ಡ ಪೇಚಾಗಿತ್ತು. ಎಡಗೈ ಲಿಂಗ ಹಿಡಿಯುವ ಕೈ, ಬಲಗೈ ಉಣ್ಣುವ ಕೈ. ಜಂಗಮರ ಮನೆಯಲ್ಲಿ ಹುಟ್ಟಿ ಜರಿಯನ್ನು ಯಾವ ಕೈಯಿಂದ ಮುಟ್ಟಬೇಕು? ಕೊನೆಗೆ ಬಲಗೈಯೇ ಎಂದು ನಿರ್ಧರಿಸಿದ್ದ. ಅಂದಿನಿಂದ ರೊಟ್ಟಿ ಮುರಿಯುವಾಗಲೆಲ್ಲ ಬೆರಳು ಮೂಸುವ ಚಟ ಹತ್ತಿತ್ತು. ಎಷ್ಟು ಸಾಬೂನು ಹಚ್ಚಿದರೂ ಸ್ಪಿರಿಟ್ಟಿನ ಕೆಳಗೆ ಇನ್ನೊಂದು ಕಮಟು ಇದ್ದೇ ಇರುತ್ತಿತ್ತು.

ಹಗಲು ಹತ್ತಿ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವನು ರಾಚಯ್ಯ. ಬಾಗಲಕೋಟೆಯ ಕಾಲೇಜೊಂದರ ಪ್ರೊಫೆಸರ್ ದುರ್ಗಪ್ಪ ಮಣ್ಣಿನೊಳಗಿನ ಜರಿಗಳ ಸರ್ವೇ ಹಿಡಿದಾಗ ತಾತ್ಕಾಲಿಕ ಸಹಾಯಕನಾಗಿ ಸೇರಿಕೊಂಡಿದ್ದ. ಯಾವ ಊರಿನಲ್ಲಿ ಯಾವ ಜಾತಿಯ ಜರಿ ಎಂದು ನಕಾಶೆಯ ಮೇಲೆ ಗುರುತಿಸುವುದು ಕೆಲಸ. ಇಲ್ಲಿನ ಮಣ್ಣಿನವಕ್ಕೆ ಕರಿ ಚುಕ್ಕೆ, ಹೊರಗಿನಿಂದ ಬಂದವಕ್ಕೆ ಕೆಂಪು. ಹುನಗುಂದದ ಎರೆಹೊಲ, ಇಳಕಲ್ಲಿನ ಕಲ್ಲಿನ ಖಣಿಯ ಅಂಚು, ಎಲ್ಲ ಕಡೆಯೂ ದಪ್ಪನೆಯ ಕಂದು ಜರಿಗಳೇ, ಎಲ್ಲ ಕಡೆಯೂ ಕರಿ ಚುಕ್ಕೆಯೇ. ಕೆಂಪು ಬಿದ್ದದ್ದು ಒಂದೇ ಕಡೆ, ಬಾದಾಮಿಯಿಂದ ಶಿವಯೋಗ ಮಂದಿರಕ್ಕೆ ಹೋಗುವ ಹಾದಿಯಲ್ಲಿ, ಹೊಳೆದಂಡೆಯ ಖಾಸಗಿ ಹೂದೋಟದಲ್ಲಿ. ಅಲ್ಲಿಗೆ ಮುಂಬೈ ಕಡೆಯ ಕಸಿ ಗುಲಾಬಿಗಳು ಬೇರಿನ ಮಣ್ಣಿನ ಸಮೇತ ಬಂದಿದ್ದವು, ಅವುಗಳೊಡನೆ ಕೀವಿನ ಬಣ್ಣದ ಸಣ್ಣ ಜರಿಯೂ. ಇನ್ನೊಂದು ಕೆಂಪು ಚುಕ್ಕೆ ಸಿಕ್ಕರೆ, ಪರದೇಶಿ ಜರಿ ಹಬ್ಬುತ್ತಿದೆಯೆಂದು ದುರ್ಗಪ್ಪ ಬರೆಯಬಹುದು, ಸರ್ವೇ ಮುಂದುವರಿಯುತ್ತದೆ, ರಾಚಯ್ಯನ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ದೀಪಾವಳಿಗೆ ಮತ್ತೆ ಹತ್ತಿ ಅಂಗಡಿ.

ಈಗ ಭೂತಗನ್ನಡಿ ಹಿಡಿದು ಸೀಸೆಯನ್ನು ಬೆಳಕಿಗೆ ಎತ್ತಿದ. ಕಂದಲ್ಲ, ಕೀವಿನ ಬಣ್ಣ. ದಪ್ಪವಲ್ಲ, ನೂಲೆಳೆಯಷ್ಟು ಸಣ್ಣ. ಅದೇ ಪರದೇಶಿ ಜರಿ, ಶಿರೂರಿನಲ್ಲಿ, ತನ್ನದೇ ಹಿತ್ತಲಿನ ಪತ್ರಿಗಿಡದ ಬುಡದಲ್ಲಿ! ಖುಷಿಪಡಬೇಕಾದ ಮನಸ್ಸು ಹೇಸಿಕೊಂಡಿತು. ಆ ಗಿಡದ ಬಿಲ್ವದೆಲೆಯನ್ನು ಅವನು ದಿನಾ ಲಿಂಗಕ್ಕೆ ಏರಿಸುತ್ತಿದ್ದ. ತಪ್ಪು ನೋಡಿದೆನೇನೋ ಎಂದು ಮತ್ತೆ ನೋಡಿದ, ಮತ್ತೆ ಒರೆಸಿ ನೋಡಿದ. ಆಮೇಲೆ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದ.

ಮರುದಿನ ದುರ್ಗಪ್ಪ ಜೀಪು ಮಾಡಿಕೊಂಡು ಬಂದೇ ಬಿಟ್ಟರು. ಗಟ್ಟಿ ಧ್ವನಿಯ, ಸದಾ ಎಲೆಯಡಿಕೆ ಜಗಿಯುವ ಮನುಷ್ಯ.

"ಏನ್ರಿ ಅಯ್ಯನವರ, ಹುಡುಕಿಕೊಂತ ಊರೂರು ಅಲದ್ವಿ. ಅದು ನಿಮ್ಮ ಮನ್ಯಾಗ ಬಂದು ಕುಂತೈತಲ್ಲ! ಪಾದಪೂಜಿ ಮಾಡಿಸ್ಕೊಳಾಕ ಬಂದಿತ್ತೇನು?"

ರಾಚಯ್ಯ ನಗಲು ಪ್ರಯತ್ನಿಸಿದ. ದುರ್ಗಪ್ಪ ಪತ್ರಿಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಇದೇನೋ, ನಿಮ್ಮೂರಿನ ಮಣ್ಣಿನಂಗ ಇಲ್ಲಲ್ಲ. ಹೊಳಿ ದಂಡಿ ಮಣ್ಣಿನಂಗ ಐತಿ."

ಚಹಾ ಹಿಡಿದು ಬಂದ ಗುರುಲಿಂಗವ್ವ ಸೆರಗು ಸರಿಮಾಡಿಕೊಂಡು ಹಿಗ್ಗಿನಿಂದ ಹೇಳಿದಳು. "ಹೌದ್ರಿ ಸರ, ಹೊಳಿ ದಂಡೀದ ಅದು. ಮಳಿ ಹಿಡಿಯೂ ಮುಂಚೆ ಇವ ಚೀಲದಾಗ ತಂದಿದ್ದ, ಹುಳಾ ಆರಿಸಿ ತಿಪ್ಪಿಗೆ ಚೆಲ್ಲವ್ವಾ ಅಂದ. ಎಲ್ಲೀದೋ ಅಂದೆ. ಶಿವಯೋಗ ಮಂದಿರದ ಹಾದೀದು ಅಂದ. ಅಂಥಾ ಜಾಗಾದ ಮಣ್ಣು ತಿಪ್ಪಿಗೆ ಹಾಕ್ತಾರೇನ್ರಿ? ನಾಲ್ಕ ಮಂದಿ ತುಳದ್ರ ಪಾಪ ಯಾರಿಗೆ? ಅದಕ್ಕ ಪತ್ರಿಗಿಡಕ್ಕ ಹಾಕೀನಿ. ನೋಡ್ರಿ, ಹ್ಯಾಂಗ ಚಿಗತೈತಿ."

ರಾಚಯ್ಯ ಬಗ್ಗಿ ಆ ಮಣ್ಣನ್ನು ನೋಡಿದ. ತಾನೇ ತಂದ ಚೀಲ. ತಾನೇ ತಾಟಿಗೆ ಸುರುವಿ ಕಣ್ಣು ನೋಯುವವರೆಗೆ ಸೋಸಿ, ಒಂದೂ ಉಳಿದಿಲ್ಲವೆಂದು ಅವ್ವನ ಕೈಗೆ ಕೊಟ್ಟ ಮಣ್ಣು. ತಾನು ಸರಿಯಾಗಿ ನೋಡಿರಲಿಲ್ಲ.

ದುರ್ಗಪ್ಪ ಗೋಡೆಯ ಬದಿಗೆ ಕೆಂಪಗೆ ಉಗುಳಿ ನಕ್ಕರು.

"ಅವ್ವಾರ, ಇಷ್ಟು ನನ್ನ ಮುಂದ ಹೇಳಿದ್ರಿ, ಸಾಕು. ಮತ್ತ ಯಾರ ಮುಂದೂ ಹೇಳಬ್ಯಾಡ್ರಿ."

"ಯಾಕ್ರಿ? ದೇವರ ಮಣ್ಣು ಗಿಡಕ್ಕ ಹಾಕೀನಿ. ಕಳವು ಮಾಡೀನೇನು?" ಮುನಿಸಿಕೊಂಡ ಗುರುಲಿಂಗವ್ವ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಕುಕ್ಕಿ ಅಲ್ಲೇ ನಿಂತಳು.

"ಅಗಿ ರಾಚಯ್ಯ, ಇನ್ನೊಂದೆರಡು ಸಿಗತಾವೇನು ನೋಡೋಣು," ಎಂದರು ದುರ್ಗಪ್ಪ.

ರಾಚಯ್ಯ ಕುರ್ಪಿಯಿಂದ ಬೇರಿನ ಸಂದನ್ನು ಮೆಲ್ಲಗೆ ಕೆದರಿದ. ಹೆಂಟೆಯೊಂದು ಹೋಳಾಗಿ ಬಿದ್ದಿತು. ಅದರ ಪೊಳ್ಳಿನಲ್ಲಿ ಒಂದು ಜರಿ ಸಿಂಬಿಯಂತೆ ಸುತ್ತಿಕೊಂಡಿತ್ತು. ನಡುವೆ ಸಾಬೂದಾನಿಯಂಥ ತತ್ತಿಗಳ ಗೊಂಚಲು, ಸಿಂಬಳದಂತೆ ಹೊಳೆಯುತ್ತಿತ್ತು.

"ತತ್ತಿ!" ದುರ್ಗಪ್ಪ ಅವನ ಬೆನ್ನಿಗೆ ಗುದ್ದಿದರು. "ಮರಿ ಮಾಡಾಕತ್ತೈತಿ ಅಂದಮ್ಯಾಗ ಈ ಊರಿನದ ಆತು. ಮುಗೀತು. ಚೀಟಿ ಬರಿ. ಸಿಕ್ಕ ಊರು ಶಿರೂರು, ಹಿಡಿದಾಂವ ನೀ."

"ಸರ, ಇದು ತಾನ ಬಂದದ್ದಲ್ರಿ. ನನ್ನ ಚೀಲದಾಗ ಬಂದದ್ದು."

"ಗುಲಾಬಿ ತೋಟಕ್ಕೂ ತಾನ ನಡಕೊಂಡು ಬಂದಿತ್ತೇನು? ಯಾರದೋ ಕುಂಡದಾಗ ಬಂತು. ಇಲ್ಲಿ ನಿನ್ನ ಚೀಲದಾಗ ಬಂತು."

ಅವರು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆಯೆಂದು ರಾಚಯ್ಯನಿಗೆ ತಟ್ಟನೆ ಹೊಳೆಯಲಿಲ್ಲ. ಅವರಷ್ಟು ತಾನು ಓದಿಲ್ಲ. "ಹಂಗಾದ್ರ ಚೀಲದಾಗ ಬಂತು ಅಂತ ಬರೀತೇನ್ರಿ," ಎಂದ.

"ಹುಚ್ಚ ಹಿಡದೈತೇನಲೇ? ನಾವ ತಂದು ನಾವ ಬಿಟ್ಟು ನಾವ ಹುಡುಕಿದ್ವಿ ಅಂತ ಬರದ್ರ ಮಂದಿ ಯಾತರಿಂದ ನಗ್ತಾರ? ಹತ್ತಿ ಅಂಗಡಿ ಇನ್ನೂ ತೆರದ ಐತಲ್ಲ? ಬರಿ ನಾ ಹೇಳಿದ್ದಷ್ಟು." ಎಲೆಯಡಿಕೆಯ ಕೆಂಪು ರಸ ಅವರ ಕಟವಾಯಿಯಿಂದ ಗಲ್ಲದವರೆಗೆ ಸಣ್ಣಗೆ ಇಳಿದಿತ್ತು. ರಾಚಯ್ಯನಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ.

ಪೆನ್ನು ತೆರೆದು, ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಬರೆದ. ಶಿರೂರು. ಪತ್ರಿಗಿಡದ ಬುಡ. ತನ್ನ ಹೆಸರು. ಅದರ ಕೆಳಗೆ ಇನ್ನೊಂದು ಸಾಲು: ಬಾದಾಮಿ ಹಾದಿಯ ತೋಟದ ಮಣ್ಣಿನೊಡನೆ ನಾನೇ ತಂದದ್ದು.

ದುರ್ಗಪ್ಪ ಅದನ್ನು ಓದಿದರು. ಹರಿಯಲಿಲ್ಲ, ಬೈಯಲೂ ಇಲ್ಲ. ಚೀಟಿಯನ್ನು ಅವನ ಮಡಿಲಿಗೆ ಬಿಟ್ಟು ಮೊಣಕಾಲ ಮಣ್ಣು ಝಾಡಿಸಿ ಎದ್ದರು. "ನಾಳಿಗೆ ಚಿಮಟ, ತಾಟು ಕಾಲೇಜಿಗೆ ತಂದು ಕೊಟ್ಟು ಹೋಗು," ಎಂದು ಜೀಪಿನ ಕಡೆಗೆ ನಡೆದರು.

ಜೀಪಿನ ಸದ್ದು ಊರ ಅಗಸಿಯಾಚೆ ಅಡಗಿತು. ಕಟ್ಟೆಯ ಮೇಲೆ ಚಹಾಕ್ಕೆ ಕೆನೆ ಕಟ್ಟಿತ್ತು.

"ಚಾ ಸೈತ ಮುಟ್ಟಲಿಲ್ಲಲ್ಲೋ ಆ ಮನಷ್ಯಾ. ನಾ ಏನರ ತಪ್ಪು ಮಾತಾಡಿದ್ನೇನು?"

"ಇಲ್ಲಬೇ ಯವ್ವಾ."

ಗುರುಲಿಂಗವ್ವ ಹತ್ತಿರ ಬಂದು ಅವನ ಹೆಗಲು ಹಿಡಿದು ಬಗ್ಗಿದಳು. ಒಡೆದ ಹೆಂಟೆಯಲ್ಲಿ ಜರಿಯ ಸುತ್ತು ಸಡಿಲಾಗಿತ್ತು. ಬೆಳಕು ಬಿದ್ದ ಗೊಂಚಲಿನ ಮೇಲೆ ಅದು ತಲೆ ಆಡಿಸುತ್ತಿತ್ತು. ಹೊರಬದಿಯ ಎರಡು ತತ್ತಿಗಳು ಆಗಲೇ ಇರಲಿಲ್ಲ.

"ಏನ ಮಾಡಾಕತ್ತೈತೋ ಅದು? ಸ್ವಚ್ಛ ಮಾಡಾಕತ್ತೈತೇನು ಮಕ್ಕಳನ್ನ?"

ಜರಿ ಮೂರನೆಯ ತತ್ತಿಯನ್ನು ಕಾಲುಗಳಲ್ಲಿ ತಬ್ಬಿ ಬಾಯಿಗೆ ಎಳೆದುಕೊಳ್ಳುತ್ತಿತ್ತು.