ಮಾರಿದ ಮಷಿನ್ನಿನ ಹಗ್ಗ

ಹಾಲೇಶ ಕಟ್ಟಿಗೆ ಚೂರು ಮಾಡುವ ಮಷಿನ್ ತಂದ ದಿನದಿಂದ ಅವನ ಹೆಂಡತಿ ಮಹೇಶ್ವರಿಗೆ ಒಂದು ರೂಢಿ ಬಿದ್ದಿತ್ತು. ಸಂಜೆ ಆಳುಗಳಿಗೆ ಚಹಾ ಕೊಡುವಾಗ ಅವಳು ಮುಖ ನೋಡುತ್ತಿರಲಿಲ್ಲ, ಲೋಟ ಹಿಡಿಯುವ ಕೈ ನೋಡುತ್ತಿದ್ದಳು. ಬೆರಳೆಲ್ಲ ನೆಟ್ಟಗಿದ್ದರೆ ಆ ದಿನ ಮುಗಿದಂತೆ.

ಟ್ರ್ಯಾಕ್ಟರಿಗೆ ಜೋಡಿಸಿ ಓಡಿಸುವ ಮಷಿನ್ ಅದು. ಜಾಲಿಯ ಟೊಂಗೆಯನ್ನು ಬಾಯಿಗೆ ಕೊಟ್ಟರೆ ಹಲ್ಲಿನ ಉರುಳೆಗಳು ಒಳಗೆಳೆದುಕೊಳ್ಳುತ್ತಿದ್ದವು. ಹಿಂದಿನ ಕೊಳವೆಯಿಂದ ಚೂರು ಹಾರಿ ಬೀಳುತ್ತಿತ್ತು. ಒಮ್ಮೆ ಆಳು ದುರಗೇಶನ ಅಂಗಿಯ ತೋಳು ಟೊಂಗೆಯ ಸಂಗಡ ಒಳಗೆ ಹೋಯಿತು. ಬಾಯಿಯ ಮೇಲೆ ಅಡ್ಡ ಕಟ್ಟಿದ್ದ ಕೆಂಪು ಹಗ್ಗವನ್ನು ಅವನು ಇನ್ನೊಂದು ಕೈಯಿಂದ ಜಗ್ಗಿದ. ಹಗ್ಗಕ್ಕೆ ಕಟ್ಟಿದ ಹಿಡಿಕೆ ಕೆಳಗೆ ಬಿದ್ದು ಉರುಳೆಗಳು ನಿಂತವು. ಅಂಗಿ ಹರಿಯಿತು, ಕೈ ಉಳಿಯಿತು. ಹಿಡಿಕೆ ಬೀಳಿಸಲು ಮೊದಲಿದ್ದ ಕಬ್ಬಿಣದ ಪಟ್ಟಿ ಸವೆದು ಹೋದ ಮೇಲೆ ಹಾಲೇಶ ಕಟ್ಟಿದ ಹಗ್ಗ ಅದು. ಎತ್ತಿಗೆಂದು ಸಂತೆಯಿಂದ ತಂದದ್ದು.

ಸವಡಿಯ ಸುತ್ತಲಿನ ಹಳ್ಳದ ಜಾಲಿಯೆಲ್ಲ ಕಡಿದು ಮುಗಿದ ಮೇಲೆ ಮಷಿನ್ ತಗಡಿನ ಕೆಳಗೆ ಸುಮ್ಮನೆ ನಿಂತಿತು. ಗಜೇಂದ್ರಗಡದಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿರುವ ಲಾಡಸಾಬ ಅದನ್ನು ಕೊಳ್ಳಲು ಟ್ರ್ಯಾಕ್ಟರ್ ತೆಗೆದುಕೊಂಡೇ ಬಂದ.

"ಹಲ್ಲು ನೋಡ್ತೀರೇನ್ರಿ?" ಎಂದ ಹಾಲೇಶ.

"ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತೀನಿ. ಇದರ ಹಲ್ಲು ನೋಡಿ ನೀವು ಎಷ್ಟು ಸುಳ್ಳು ಹೇಳೀರಿ ಅಂತ ಹೇಳ್ತೀನಿ."

ಮಷಿನ್ ಓಡಿಸಿ ತೋರಿಸುವಾಗ ಮಹೇಶ್ವರಿ ಮುಂದೆ ಬಂದಳು. "ಅಣ್ಣಾರ, ಈ ಹಗ್ಗ ಮರೀಬ್ಯಾಡ್ರಿ. ಕೈ ಸಿಕ್ಕರ ಇದನ್ನ ಜಗ್ಗಬೇಕು."

ಲಾಡಸಾಬ ಜಗ್ಗಿದ, ಉರುಳೆ ನಿಂತವು. "ನಮ್ಮ ಮನ್ಯಾಕಿ ಬಾಯಿಗೂ ಇಂಥಾದೊಂದು ಹಗ್ಗ ಇದ್ದಿದ್ರ ಚಲೋ ಇತ್ತು," ಎಂದ.

ಕಟ್ಟೆಯ ಮೇಲೆ ಕೂತಿದ್ದ ಹಾಲೇಶನ ತಾಯಿ ಮಾಳವ್ವ, "ಆಕಿನೂ ನಿನ್ನ ಬಾಯಿಗೆ ಹುಡುಕಾಕತ್ತಿರ್ತಾಳ ತಮ್ಮಾ," ಎಂದಳು.

ಆಮೇಲೆ ಗಂಡಸರಿಬ್ಬರೂ ದನದ ಸಂತೆಯಲ್ಲಿ ಮಾಡುವಂತೆ ಟಾವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಿದರು, ಒಳಗೆ ಬಂದು ಚಹಾ ಕುಡಿದರು. ಮಾಳವ್ವ ಹೊರಗೇ ಉಳಿದು ಮಷಿನ್ನಿಗೆ ಅರಿಷಿಣ ಕುಂಕುಮ ಹಚ್ಚಿದಳು. ಲಾಡಸಾಬ ಅದನ್ನು ಎಳೆದುಕೊಂಡು ಹೋದ. ಅಂದು ಸಂಜೆ ಮಹೇಶ್ವರಿ ಯಾರ ಕೈಯನ್ನೂ ನೋಡಬೇಕಾಗಿರಲಿಲ್ಲ.

ಮರುದಿನ ಮುಂಜಾನೆ ಹಾಲೇಶ ನರಗುಂದಕ್ಕೆ ಹೋದ ಮೇಲೆ ಅವಳು ದನದ ಕೊಟ್ಟಿಗೆ ಕಸ ಹೊಡೆಯಲು ಹೋದಳು. ಮಾರಿದ ಎತ್ತುಗಳ ಹಗ್ಗ ತೂಗುಹಾಕುವ ಗೂಟದಲ್ಲಿ ಕೆಂಪು ಹಗ್ಗವೂ ಇತ್ತು.

"ಅತ್ತಿ, ಇದನ್ನ ಯಾರು ಬಿಚ್ಚಿದ್ರು?"

"ನಾನ. ಎತ್ತು ಮಾರಿದ್ರ ಹಗ್ಗ ಕೊಡ್ತಾರೇನು? ಹಗ್ಗದ ಗುಂಟ ಮನಿ ಲಕ್ಷ್ಮಿನೂ ಹೋಗ್ತಾಳ."

"ಅದು ಎತ್ತಲ್ಲಲ್ಲರಿ."

"ಅಮಾಸಿಗೆ ಅದಕ್ಕ ಪೂಜಿ ಮಾಡಿದ್ರಿಲ್ಲೋ? ಬೆರಳು ಹಿಡಿದು ಮಾರಿದ್ರಿಲ್ಲೋ? ಹಗ್ಗಾನೂ ಎತ್ತಿಂದ. ಮತ್ತ ಇನ್ನೇನು ಅದು?"

ಮಹೇಶ್ವರಿ ಹಗ್ಗವನ್ನು ಗೂಟದಿಂದ ತೆಗೆದುಕೊಂಡಳು. ಹಗ್ಗವಿಲ್ಲದೆಯೂ ಆ ಮಷಿನ್ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ. ಲಾಡಸಾಬನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತುತ್ತಿಲ್ಲವೆಂದರೆ ಮಷಿನ್ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದೇ ಅರ್ಥ. ಗಂಡನಿಗೆ ಹೇಳಿದರೆ ಮೊದಲು ನಗುತ್ತಾನೆ, ಆಮೇಲೆ ನೋಡೋಣ ಎನ್ನುತ್ತಾನೆ. ಹಗ್ಗವನ್ನು ಸ್ಕೂಟಿಯ ಡಿಕ್ಕಿಯಲ್ಲಿ ಹಾಕಿ ಅವಳೇ ಹೊರಟಳು.

ರೋಣ ದಾಟುವವರೆಗೆ ಏನು ಹೇಳಬೇಕೆಂದು ಮಾತು ಜೋಡಿಸಿದಳು. ಅತ್ತೆಯ ಹೆಸರು ಬರಬಾರದು, ಸುಳ್ಳೂ ಆಗಬಾರದು. 'ಬಿಚ್ಚಿತ್ತು' ಎಂದರೆ ಸುಳ್ಳು. 'ಬಿಚ್ಚಿಕೊಂಡ್ವಿ' ಎಂದರೆ ಅವನು ಯಾಕೆಂದು ಕೇಳುತ್ತಾನೆ. ಮುಂದೆ ರಸ್ತೆಯಲ್ಲಿ ಅದನ್ನೂ ಬಿಟ್ಟಳು. ಕಣ್ಣ ಮುಂದೆ ದುರಗೇಶನ ಹರಿದ ತೋಳಷ್ಟೇ ಉಳಿಯಿತು.

ಅಡ್ಡೆಯ ತಿರುವಿನಲ್ಲೇ ಮಷಿನ್ ಸದ್ದು ಕೇಳಿಸಿತು. ಖಾಜಾಸಾಬ ಎಂಬ ಆಳು ಬೇವಿನ ಟೊಂಗೆಗಳನ್ನು ಬಾಯಿಗೆ ಕೊಡುತ್ತಿದ್ದ. ಬಾಯಿಯ ಮೇಲೆ ಅಡ್ಡಲಾಗಿ ಹೊಚ್ಚ ಹೊಸ ಹಳದಿ ಹಗ್ಗವಿತ್ತು. ಮಹೇಶ್ವರಿಯ ಉಸಿರು ಕೆಳಗಿಳಿಯಿತು. ಸ್ಕೂಟಿ ನಿಲ್ಲಿಸಿ ಹತ್ತಿರ ಹೋದಳು, ಹಗ್ಗದ ಗುಂಟ ಕಣ್ಣು ಹಾಯಿಸಿದಳು. ಎರಡೂ ತುದಿಗಳನ್ನು ಅಕ್ಕಪಕ್ಕದ ಕಬ್ಬಿಣದ ಬಳೆಗೆ ಬಿಗಿದಿದ್ದರು. ಹಿಡಿಕೆಗೆ ಏನೂ ಕಟ್ಟಿರಲಿಲ್ಲ.

ಅವಳು ಹಗ್ಗ ಜಗ್ಗಿದಳು. ಉರುಳೆ ತಿರುಗುತ್ತಲೇ ಇದ್ದವು. ಕೈಚಾಚಿ ಹಿಡಿಕೆಯನ್ನೇ ಕೆಳಗೆ ಒತ್ತಿದಳು. ನಿಂತವು.

"ಏನ್ರಿ ತಂಗೆವ್ವ, ವ್ಯಾಪಾರ ಮುರಿಯಾಕ ಬಂದ್ರೇನು?" ಲಾಡಸಾಬ ಆಚೆಯಿಂದ ಬಂದ.

"ಈ ಹಗ್ಗ ಯಾರು ಕಟ್ಟಿದ್ರಿ?"

"ನಾನ. ಇಲ್ಲಿ ಬಂದು ನೋಡಿದ್ರ ಹಳೇದು ಇರಲಿಲ್ಲ. ಅವ್ವಾರು ಇಟ್ಕೊಂಡಾರ ಅಂತ ಆಗಲೇ ತಿಳೀತು. ಮಾರಿದವರು ಹಗ್ಗ ಕೊಡಂಗಿಲ್ಲ, ಕೊಂಡವರು ಹೊಸಾದು ಕಟ್ಟಬೇಕು. ನಮ್ಮಪ್ಪನೂ ಎತ್ತು ಸಾಕಿದಾಂವ."

"ಕಟ್ಟಿ ಜಗ್ಗಿ ನೋಡಿದ್ರೇನು?"

ಲಾಡಸಾಬ ಹಗ್ಗ ನೋಡಿದ, ಹಿಡಿಕೆ ನೋಡಿದ. ಆಮೇಲೆ ಖಾಜಾಸಾಬನ ಕಡೆ ನೋಡಿದ.

ಮಹೇಶ್ವರಿ ಹಳದಿ ಹಗ್ಗದ ಒಂದು ತುದಿ ಬಿಚ್ಚಿ ಹಿಡಿಕೆಗೆ ಕಟ್ಟಿದಳು. ಮಷಿನ್ ಚಾಲೂ ಮಾಡಿಸಿದಳು. ಖಾಜಾಸಾಬನಿಂದ ಜಗ್ಗಿಸಿದಳು. ಎಡಗೈಯಿಂದಲೂ ಜಗ್ಗಿಸಿದಳು. ಅವನು ನಗುತ್ತಾ, "ಸಾಲಿ ಮಾಸ್ತರರಾಗಿದ್ರೇನ್ರಿ ಅಕ್ಕಾರ?" ಎಂದು ಕೇಳಿದ. ಅವಳು ನಗಲಿಲ್ಲ. ಪ್ರತಿ ಸಲವೂ ಉರುಳೆ ನಿಂತವು.

ಲಾಡಸಾಬ ಚಹಾ ತರಿಸಿದ. ಖಾಜಾಸಾಬ ಲೋಟ ಹಿಡಿದಾಗ ಅವಳು ನೋಡಿದಳು. ಎಲ್ಲ ಬೆರಳೂ ಇದ್ದವು, ಒಂದಕ್ಕೆ ಬೇವಿನ ಅಂಟು ಹತ್ತಿತ್ತು.

"ಹಳೇ ಹಗ್ಗ ತಂದೀರೇನು ಮತ್ತ?" ಎಂದ ಲಾಡಸಾಬ, ಸ್ಕೂಟಿಯ ಕಡೆ ನೋಡುತ್ತಾ.

"ತಂದೀನಿ."

"ಕೊಡ್ರಿ, ಅದನ್ನ ಕಟ್ಟೋಣು. ಪಳಗಿದ್ದು."

ಮಹೇಶ್ವರಿ ಲೋಟ ಕೆಳಗಿಟ್ಟಳು. "ಅದನ್ನ ಕೊಡಂಗಿಲ್ಲರಿ ಅಣ್ಣಾರ," ಎಂದು ಸ್ಕೂಟಿ ಚಾಲೂ ಮಾಡಿದಳು.