ಮೇಣದಲ್ಲಿ ಹೆಬ್ಬೆರಳು

ನೆಂಟರೆಲ್ಲ ಹೊರಟುಹೋದ ಮರುದಿನ ನಲ್ಲಿಯಲ್ಲಿ ಎಂದಿನ ಹೊತ್ತಿಗೇ ನೀರು ಬಂತು. ಬಕೆಟ್ಟು ತುಂಬಿಸಿದೆ. ಬಟ್ಟೆ ನೆನೆಹಾಕಿದೆ, ನನ್ನ ಗಂಡನ ಅಂಗಿಗಳನ್ನೂ.

ನಡುಮನೆಯ ಚಾಪೆಯ ಮೇಲೆ ವೀಣೆ ಇತ್ತು. ಅದು ನಮ್ಮದಲ್ಲ, ಗುಡಿಯದು. ಸಂಜೆಯ ಪೂಜೆಯಲ್ಲಿ, ಆರತಿಗೆ ಮುಂಚೆ, ದೇವರಿಗೆ ವೀಣೆ ನುಡಿಸುವುದು ಅವನ ಕೆಲಸವಾಗಿತ್ತು. ತಂತಿಗಳ ಕೆಳಗಿನ ಮೆಟ್ಟಿಲುಗಳು ಸಡಿಲವಾಗಿ ಸ್ವರ ಜಾರುತ್ತಿದೆ ಎಂದು ಅರ್ಚಕರನ್ನು ಕಾಡಿ ಎರವಲು ತಂದಿದ್ದ. ಕಪ್ಪು ಮೇಣ ಕಾಯಿಸಿ ವೀಣೆಯ ಉದ್ದನೆಯ ದಂಡಿಯ ಮೇಲೆ ಹಾಕಿ, ಹಿತ್ತಾಳೆಯ ಮೆಟ್ಟಿಲುಗಳನ್ನು ಅದರಲ್ಲಿ ಕೂರಿಸಿ, ತಂತಿ ಮೀಟಿ, ಕಿವಿಗೊಟ್ಟು, ಹೆಬ್ಬೆರಳಿನಿಂದ ಒತ್ತುತ್ತಿದ್ದ.

"ದೇವರಿಗೆ ಕಿವಿ ಇದೆಯೋ ಇಲ್ವೋ, ಅರ್ಚಕರಿಗಂತೂ ಇಲ್ಲ ಕಣೆ," ಎಂದು ನಕ್ಕಿದ್ದ.

ಕೊನೆಯ ಮೆಟ್ಟಿಲು ಕೂರಿಸಿದ ಮೇಲೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವನು ಏಳಲಿಲ್ಲ.

ಮೇಣದ ಅಂಚಿನುದ್ದಕ್ಕೂ ಅವನ ಹೆಬ್ಬೆರಳು ಹಾಗೇ ಅಚ್ಚಾಗಿತ್ತು. ಚರ್ಮದ ಗೆರೆಗಳು, ಹಳೆಯ ಸುಟ್ಟ ಕಲೆ ಸಮೇತ. ಒಬ್ಬಳೇ ಇದ್ದಾಗ ಆ ಗುಳಿಗಳಲ್ಲಿ ನನ್ನ ಬೆರಳಿಡುತ್ತಿದ್ದೆ. ಅವನ ಫೋಟೋಗಳನ್ನು ನೋಡಿದಾಗ ನನಗೆ ಏನೂ ಆಗುತ್ತಿರಲಿಲ್ಲ.

"ಗುಡಿಯಿಂದ ಹೇಳಿಕಳಿಸಿದಾರೆ. ವೀಣೆ ಕೊಡಲ್ವೇನೆ?" ಎಂದರು ಅತ್ತೆ.

"ಸ್ವಲ್ಪ ದಿನ ಇರಲಿ ಅತ್ತೆ."

"ನುಡಿಸೋಕೆ ನಿನಗೂ ಬರಲ್ಲ, ನನಗೂ ಬರಲ್ಲ. ದೇವರದ್ದನ್ನ ಹಿಡ್ಕೊಂಡು ಕೂರ್ತೀಯಾ? ಅಷ್ಟು ಓದಿದೋಳು!"

ಚೀಲ ತೆಗೆದುಕೊಂಡು ಕೆಲಸಕ್ಕೆ ಹೋದೆ. ಕಚೇರಿಯಲ್ಲಿ ಜೊತೆಯವರು ನನ್ನ ಮೇಜಿನ ಮೇಲೆ ಫೈಲುಗಳನ್ನು ಸದ್ದಾಗದಂತೆ ಇಟ್ಟು ಹೋಗುತ್ತಿದ್ದರು.

ಮಧ್ಯಾಹ್ನ ಬೇಗ ಬಂದೆ. ಚಾಪೆ ಖಾಲಿಯಿತ್ತು.

"ಮಹಡಿ ಮೇಲಿದೆ," ಎಂದರು ಅತ್ತೆ. "ಸೂತಕದ ಮನೇಲಿದ್ದದ್ದನ್ನ ಹಾಗೇ ದೇವರ ಮುಂದೆ ಇಡೋಕಾಗುತ್ತಾ? ನೀರು ಹಾಕಿದ್ರೆ ಮರ ಕೆಡುತ್ತೆ ಅಂತ ಅವನೇ ಹೇಳ್ತಿದ್ದ. ಅದಕ್ಕೆ ಬಿಸಿಲಿಗಿಟ್ಟೆ. ಬಿಸಿಲಿಗಿಂತ ಶುದ್ಧ ಯಾವುದಿದೆ ಹೇಳು?"

ಹತ್ತಿ ಹೋದೆ. ಒಗೆದ ದುಪ್ಪಟಿ ಹಾಸಿ, ವೀಣೆಯ ತಲೆಗೆ ಹೂವಿಟ್ಟು ಮಲಗಿಸಿದ್ದರು. ಮೇಣ ಇಳಿದು ಹರಡಿತ್ತು. ಮೆಟ್ಟಿಲುಗಳು ಒಂದರ ಮೇಲೊಂದು ವಾಲಿದ್ದವು. ಅಂಚೆಲ್ಲ ನುಣ್ಣಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಬೆರಳಿಂದ ತಡವಿದೆ. ನನ್ನದೇ ಗುರುತು ಮೂಡಿತು.

ಹಿಂದೆಯೇ ಹತ್ತಿ ಬಂದ ಅತ್ತೆ ಬಾಯಿಗೆ ಸೆರಗು ಹಿಡಿದರು. "ಅಯ್ಯೋ, ಕೆಡಿಸಿಬಿಟ್ನಾ? ನನ್ನ ಮಗ ಕೂತು ಮಾಡಿದ್ದು..."

"ಮತ್ತೆ ಹಾಕಿಸಬಹುದು ಅತ್ತೆ."

ಹೆಬ್ಬೆರಳಿನ ವಿಷಯ ಹೇಳಲಿಲ್ಲ.

ಇನ್ನು ಇಟ್ಟುಕೊಳ್ಳಲು ಏನೂ ಇರಲಿಲ್ಲ. ಸಂಜೆಯೇ ದುಪ್ಪಟಿಯಲ್ಲಿ ಸುತ್ತಿ ಗುಡಿಗೆ ಒಯ್ದೆ. ಅರ್ಚಕರು ಬಿಚ್ಚಿ ನೋಡಿದರು, ನನ್ನ ಮುಖ ನೋಡಿದರು.

"ಇರಲಿ ಬಿಡಮ್ಮ. ಇನ್ಯಾರ ಕೈಲಾದ್ರೂ ಮಾಡಿಸ್ತೀವಿ. ಆ ಮೂಲೇಲಿಡು."

"ಇಷ್ಟು ದಿನ ಪೂಜೆ ಹೇಗೆ ನಡೀತು?"

"ಅದಕ್ಕೇನು? ಸೇವೆ ಹೆಸರು ಹೇಳಿ ಅಕ್ಷತೆ ಹಾಕ್ತೀನಿ. ಯಾವುದು ಇಲ್ವೋ ಅದರ ಬದಲು ನಾಲ್ಕು ಕಾಳು. ದೇವರು ಒಪ್ಕೋತಾನೆ."

ವೀಣೆಯನ್ನು ಮೂಲೆಗೆ ಒರಗಿಸಿದೆ. ಒಳಗೆ ಪೂಜೆ ಶುರುವಾಯಿತು. ಅರ್ಚಕರು ವೀಣೆಯ ಸೇವೆ ಎಂದು ಹೇಳಿ ಅಕ್ಷತೆ ಹಾಕಿ, ಅದೇ ಉಸಿರಿನಲ್ಲಿ ಮುಂದಿನ ಸೇವೆಯ ಹೆಸರು ಹೇಳಿದರು. ಸುತ್ತ ನಿಂತವರು ಕೈಮುಗಿದೇ ಇದ್ದರು. ಯಾರೂ ಮೂಲೆಯ ಕಡೆ ತಿರುಗಲಿಲ್ಲ.