ಸೋಗೆಯ ಬಣವೆ

ಕೃತ್ತಿಕಾಗೆ ಆ ಬೂಷ್ಟು ಸಿಕ್ಕಿದ್ದು ತಮಿಳುನಾಡಿನ ಮಡತ್ತುಕುಳಂನಲ್ಲಿ, ಸ್ವಂತ ಅಪ್ಪನ ತೋಟದಲ್ಲೇ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ ಆ ಕಡೆಯವರು ಸೋಗೆ ಎನ್ನುತ್ತಾರೆ. ಎಲ್ಲರೂ ಅದನ್ನು ಬಿದ್ದಲ್ಲೇ ಸುಡುತ್ತಾರೆ. ಅಪ್ಪ ಲಿಂಗಸಾಮಿ ಒಂದು ವರ್ಷ ಸುಡದೆ ಬದುವಿನ ಮೂಲೆಗೆ ಒಟ್ಟಿ ಮರೆತಿದ್ದ. ಮಳೆಗೆ ನೆನೆದ ಸೋಗೆ ಅಡಿಯಲ್ಲಿ ನೆನೆಸಿದ ಅವಲಕ್ಕಿಯ ಹಾಗೆ ಮೆತ್ತಗಾಗಿ, ಹಸಿರು ಬೂಷ್ಟು ಹಿಡಿದಿತ್ತು. ರಜೆಗೆ ಬಂದಿದ್ದ ಮಗಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ.

ಅವಳು ಕೊಯಮತ್ತೂರಿನ ಹೊರಗೆ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳೆಯ ಕಸದಿಂದ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸಲು ಕೊಡಬೇಕು ಎಂಬುದು ಕಂಪನಿಯ ಆಸೆ. ಬೂಷ್ಟು ಮೊದಲು ನಾರನ್ನು ಕರಗಿಸಿ ಸಕ್ಕರೆ ಮಾಡಬೇಕು. ಆ ಸಕ್ಕರೆಯನ್ನು ಯೀಸ್ಟ್ ತಿಂದು ಎಥನಾಲ್ ಮಾಡಬೇಕು. ಯೀಸ್ಟ್ ಅಂಗಡಿಯಲ್ಲೂ ಸಿಗುತ್ತದೆ. ಹಸಿದ ಬೂಷ್ಟು ಸಿಗುವುದು ಕಷ್ಟ. ಅಪ್ಪನ ತೋಟದ್ದು ಹಸಿದ ಬೂಷ್ಟು. ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಅದು ಸೋಗೆಯನ್ನು ತಿಂದ ರೀತಿ ನೋಡಿ ಮ್ಯಾನೇಜರ್ ಶರವಣನ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

ಮಗಳು ಅಪ್ಪನನ್ನು ಕರೆಸಿ ತೋರಿಸಿದಳು. ಮಗಳನ್ನು ಮುದ್ದಿಗೆ ಕಣ್ಣು ಎಂದೇ ಕರೆಯುವ ಲಿಂಗಸಾಮಿ ಪಾತ್ರೆಗೆ ಮೂಗು ಒಡ್ಡಿ ನಕ್ಕ.

"ಟಾಸ್ಮಾಕ್ ಬ್ರಾಂದಿ ಅಂಗಡಿ ವಾಸನೆ ಬತ್ತದೆ ಕಣ್ಣು. ನಮ್ಮ ಸೋಗೆಯಿಂದಲಾ ಇದು?"

"ನಮ್ಮ ಸೋಗೆ, ನಮ್ಮ ಬೂಷ್ಟು. ಎಲ್ಲಾ ನಿಂದೇ ಅಪ್ಪ."

ಊರಿಗೆ ಹೋದವನು ಸುಮ್ಮನಿರಲಿಲ್ಲ. ಮೊಪೆಡ್ ಹತ್ತಿ ಕೊಳುಮಂ, ಕುಮಾರಲಿಂಗಂ ಊರುಗಳನ್ನೆಲ್ಲಾ ಸುತ್ತಿದ. ತಮಿಳರ ಮನೆಯಲ್ಲಿ ತಮಿಳಿನಲ್ಲಿ, ತನ್ನಂಥ ಕನ್ನಡದವರ ಮನೆಯಲ್ಲಿ ಕನ್ನಡದಲ್ಲಿ ಒಂದೇ ಮಾತು ಹೇಳಿದ: "ಇನ್ನು ಸೋಗೆ ಸುಡಬೇಡಿ. ನನ್ನ ಮಗಳ ಕಂಪನಿ ಲಾರಿ ಬಂದು ಎತ್ತಿಕೊಂಡು ಹೋಗ್ತದೆ. ಹೊಗೆಯೂ ಇಲ್ಲ, ಸೋಗೆ ವೀಣಾಗಿ ದಂಡ ಆಗೋದೂ ಇಲ್ಲ."

ಸುದ್ದಿ ಕಿವಿಗೆ ಬಿದ್ದು ಕೃತ್ತಿಕಾ ಫೋನ್ ಮಾಡಿದಳು. "ಅಪ್ಪ, ಇನ್ನೂ ದೊಡ್ಡ ಟ್ಯಾಂಕಲ್ಲಿ ಮಾಡಿ ನೋಡಿಲ್ಲ. ಸ್ವಲ್ಪ ತಾಳು."

"ಆಗ್ತದೆ ಕಣ್ಣು. ನಿನ್ನ ಕೈಯಲ್ಲಿ ಆಗದೇ ಇರ್ತದಾ?"

ಆ ಮಾತು ಅವಳಿಗೆ ಹಿತವಾಗಿತ್ತು. ಮತ್ತೆ ತಡೆಯಲಿಲ್ಲ. ಆ ಬಾರಿ ಕಟಾವು ಮುಗಿದಾಗ ತೋಟದಿಂದ ತೋಟಕ್ಕೆ ಸೋಗೆಯ ಬಣವೆಗಳು ಎದ್ದು ನಿಂತವು. ಮನೆಯ ಎತ್ತರದವು, ಕೆಲವು ಅದಕ್ಕೂ ಎತ್ತರದವು.

ಲ್ಯಾಬಿನ ಹಿಂದಿನ ಶೆಡ್ಡಿನಲ್ಲಿ ದೊಡ್ಡ ಟ್ಯಾಂಕು ಬಂತು. ಮೊದಲ ಸಲ ಮುಚ್ಚಳ ತೆಗೆದಾಗ ಹಳಸಿದ ಇಡ್ಲಿ ಹಿಟ್ಟಿನ ನಾತ ಮುಖಕ್ಕೆ ಹೊಡೆಯಿತು. ಸೋಗೆಯ ಜತೆ ಬಂದ ಮಣ್ಣಿನಲ್ಲಿದ್ದ ಕಾಡು ಬ್ಯಾಕ್ಟೀರಿಯಾ ಯೀಸ್ಟಿಗಿಂತ ಮೊದಲೇ ಸಕ್ಕರೆಗೆ ಬಾಯಿ ಹಾಕಿದ್ದವು. ಗಾಜಿನ ಪಾತ್ರೆಯನ್ನು ಆವಿಯಲ್ಲಿ ಬೇಯಿಸಿ ಶುದ್ಧ ಮಾಡಬಹುದು. ಲಾರಿ ಲೋಡನ್ನು ಹೇಗೆ ಬೇಯಿಸುವುದು? ಆದರೂ ಬೇಯಿಸಿದಳು. ಆಗ ರಾಶಿಯ ಒಳಗಿನ ಕಾವಿಗೆ ಬೂಷ್ಟೇ ಸತ್ತುಹೋಯಿತು. ಕಾವು ಇಳಿಸುವ ಉಪಾಯ ಹುಡುಕಿದಳು. ಕೊನೆಗೊಮ್ಮೆ ಎಲ್ಲವೂ ಸರಿಯಾಗಿ ನಡೆದು ಎಥನಾಲ್ ಬಂತು. ಆದರೆ ತೀರಾ ನೀರು ನೀರು. ಆ ನೀರಿನಿಂದ ಅದನ್ನು ಬಟ್ಟಿ ಇಳಿಸಿ ಬೇರೆ ಮಾಡಲು ಒಲೆಗೆ ಹಾಕಿದ ಸೌದೆಯ ಶಕ್ತಿಯೇ ಬಂದ ಎಥನಾಲಿನ ಶಕ್ತಿಗಿಂತ ಹೆಚ್ಚು. ಶರವಣನ್ ಫೋನಿನಲ್ಲಿ ಲೆಕ್ಕ ಹಾಕಿ ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಲಾರಿ ಹೋಗಲಿಲ್ಲ. ಬಣವೆಗಳಲ್ಲಿ ಇಲಿ ಸೇರಿಕೊಂಡವು. ಇಲಿಯ ಹಿಂದೆ ಹಾವು ಬಂದವು.

ಸುಬ್ಬಾತಾಳ್ ಕೃತ್ತಿಕಾಳ ತಾಯಿಯ ತಂಗಿ. ಪಕ್ಕದ ತೋಟದ ಅಂಗಪ್ಪನ್‌ನ ಹೆಂಡತಿ. ಅಕ್ಕ ತೀರಿಕೊಂಡ ಮೇಲೆ ಕೃತ್ತಿಕಾಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ಅವಳೇ. ಒಂದು ಬೆಳಿಗ್ಗೆ, ಬಣವೆಯ ಸಂದಿನಲ್ಲಿ ಕೋಳಿ ಇಟ್ಟ ಮೊಟ್ಟೆಗೆ ಅವಳು ಕೈ ಹಾಕಿದಳು. ಕಚ್ಚಿದ್ದು ಮಂಡಲದ ಹಾವು. ಉಡುಮಲೈ ಆಸ್ಪತ್ರೆಗೆ ಒಯ್ದರು, ಅಲ್ಲಿಂದ ಕೊಯಮತ್ತೂರಿಗೆ. ಜೀವ ಉಳಿಯಿತು. ಮೂತ್ರಪಿಂಡ ಉಳಿಯಲಿಲ್ಲ. ಅಲ್ಲಿಂದಾಚೆಗೆ ಅಂಗಪ್ಪನ್ ಅವಳನ್ನು ಮತ್ತೆ ಮತ್ತೆ ಬಸ್ಸಿನಲ್ಲಿ ಕೊಯಮತ್ತೂರಿಗೆ ಕರೆತರಬೇಕಾಯಿತು, ಡಯಾಲಿಸಿಸ್‌ಗೆ.

ಆ ದಿನಗಳಲ್ಲೇ ಶರವಣನ್ ಕೃತ್ತಿಕಾಳನ್ನು ಒಳಗೆ ಕರೆದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ಇನ್ನು ಸೋಗೆ ಬೇಡಮ್ಮ. ಮೆಕ್ಕೆಜೋಳಕ್ಕೆ ಹೋಗೋಣ ಅಂತ ನಿರ್ಧಾರ ಆಗಿದೆ. ಜೋಳದ ಹಿಟ್ಟನ್ನು ಸಕ್ಕರೆ ಮಾಡುವ ಪುಡಿ ಚೀಲದಲ್ಲೇ ಬರುತ್ತದೆ. ಬೂಷ್ಟಿನ ಗೋಳಿಲ್ಲ. ಯೀಸ್ಟ್ ನೋಡಿಕೊಳ್ಳೋಕೆ ನೀವು ಇರಿ."

"ಅದು ತಿನ್ನೋ ಕಾಳು ಸಾರ್."

"ಗೊತ್ತು," ಎಂದರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಬಯ್ಯೋಣವೆಂದರೂ ಅವಳಿಗೆ ಯಾರೂ ಸಿಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಳು. ಚಿಕ್ಕಮ್ಮ ಮಂಚದ ಮೇಲೆ ಕೈಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಳು. ಮುಖ ಊದಿತ್ತು.

"ಚಿಕ್ಕವ್ವ, ಆ ಕೆಲಸ ನಿಲ್ಲಿಸಿಬಿಟ್ಟರು. ಸೋಗೆಗೆ ಯಾರೂ ಬರಲ್ಲ."

ಸುಬ್ಬಾತಾಳ್ ಯಂತ್ರದ ಕಡೆ ಮುಖ ತಿರುಗಿಸಿದಳು. "ಹಂಗಾದ್ರೆ ಸುಟ್ಟುಬಿಡಕ್ಕೆ ಹೇಳು ಕಣ್ಣು. ಮಕ್ಕಳು ಓಡಾಡೋ ಎಡೆ," ಎಂದಳು. ಆಮೇಲೆ, "ಒಂದು ಗುಟುಕು ನೀರು ಕೊಡ್ತಿಯಾ? ಇಲ್ಲಿ ಅಳೆದು ಕೊಡ್ತಾರೆ," ಎಂದಳು. ಮೂತ್ರಪಿಂಡ ಹೋದವಳಿಗೆ ಹೆಚ್ಚು ನೀರು ಕೊಡುವಂತಿರಲಿಲ್ಲ. ಕೃತ್ತಿಕಾ ಒದ್ದೆ ಬಟ್ಟೆಯಲ್ಲಿ ಅವಳ ತುಟಿ ಒರೆಸಿದಳು.

ಅಪ್ಪನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಭಾನುವಾರ ಊರಿಗೆ ಹೋಗಿ ಹೇಳಿದಳು.

"ಇನ್ನೊಂದು ತಡವೆ ಮಾಡಿ ನೋಡೋದು ತಾನೆ?" ಎಂದ ಲಿಂಗಸಾಮಿ.

"ಮಾಡಿ ಆಯ್ತು ಅಪ್ಪ. ಬರೋದಕ್ಕಿಂತ ಹೆಚ್ಚು ಸುಡಬೇಕಾಗ್ತದೆ."

"ಬೇರೆ ಕಂಪನಿಕ್ಕಾರರು?"

"ಕೇಳಿದೆ. ಯಾರಿಗೂ ಬೇಡ."

ಉಣ್ಣುತ್ತಿದ್ದವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮೊಪೆಡ್ ತೆಗೆದು ಹೊರಟ. ಅಂದು ಸುತ್ತಿದ ಊರುಗಳನ್ನೇ ಮತ್ತೆ ಸುತ್ತಿ, ಅದೇ ಬಾಗಿಲುಗಳ ಮುಂದೆ ನಿಂತು, ಲಾರಿ ಬರುವುದಿಲ್ಲ, ಸುಟ್ಟುಬಿಡಿ ಎಂದು ತಾನೇ ಹೇಳಿ ಬಂದ. ಕೆಲವರು ನಕ್ಕರಂತೆ. ಕೆಲವರು ಕೂರಿಸಿ ಟೀ ಕೊಟ್ಟರಂತೆ. ಟೀ ಕೊಟ್ಟವರ ಮನೆಯಲ್ಲೇ ಹೆಚ್ಚು ಕಷ್ಟವಾಯಿತು ಎಂದು ಆಮೇಲೆ ಒಮ್ಮೆ ಹೇಳಿದ.

ಹಾವಿನ ಹೆದರಿಕೆಗೆ ಬಣವೆ ಬಿಚ್ಚಿ ಹರಡಲು ಯಾವ ಆಳೂ ಬರಲಿಲ್ಲ. ನಿಂತ ಹಾಗೆಯೇ ಬೆಂಕಿ ಕೊಟ್ಟರು. ಅಷ್ಟೆತ್ತರದ ಸೋಗೆ ಒಮ್ಮೆಲೇ ಹೊತ್ತಿದಾಗ ಲಿಂಗಸಾಮಿಯ ಬದುವಿನ ತೆಂಗಿನ ಮರಗಳಿಗೂ ತಗುಲಿತು. ಮೋಟಾರು ಹಾಕಿ, ಪೈಪು ಹಿಡಿದು, ಅಪ್ಪ ಮಗಳು ಇಬ್ಬರೂ ಮಧ್ಯಾಹ್ನವೆಲ್ಲ ನೀರು ಎರಚಿದರು. ಗರಿಗಳೆಲ್ಲ ಸುಟ್ಟು ಜೋತವು. ಲಿಂಗಸಾಮಿಯ ಅಪ್ಪ ನೆಟ್ಟ ಮರಗಳು. ಸುಳಿ ಬದುಕಿದ್ದರೆ ಮತ್ತೆ ಚಿಗುರುತ್ತವೆ ಎಂದು ಯಾರೋ ಹೇಳಿದರು. ಚಿಗುರಲಿಲ್ಲ.

ಲ್ಯಾಬಿನಲ್ಲಿ ಫ್ರೀಜರಿನ ಜಾಗ ತೆರವು ಮಾಡಬೇಕಿತ್ತು. ಬೂಷ್ಟನ್ನು ಇಟ್ಟುಕೊಳ್ಳುತ್ತೀರಾ ಎಂದು ತಾನು ಓದಿದ ಕಾಲೇಜಿನಲ್ಲಿ ಕೇಳಿದಳು. ಇಂಥವು ನಮ್ಮಲ್ಲೇ ಬೇಕಾದಷ್ಟಿವೆ ಎಂದರು. ಗಾಜಿನ ನಳಿಕೆಗಳನ್ನು ಆವಿಯ ಪಾತ್ರೆಗೆ ಹಾಕಿ ಬೂಷ್ಟನ್ನು ಕೊಂದಳು. ಅವು ತಣ್ಣಗಾಗುವ ತನಕ ಕಾದು, ತೊಳೆದು, ಬೋರಲು ಹಾಕಿದಳು.

ಆಷಾಢದ ಹೊತ್ತಿಗೆ, ಆಡಿ ತಿಂಗಳಲ್ಲಿ ಸುಬ್ಬಾತಾಳ್ ತೀರಿಕೊಂಡಳು. ಹೆಣ ಎತ್ತುವ ಮುಂಚೆ ಅಂಗಪ್ಪನ್ ಕೃತ್ತಿಕಾಳ ಹತ್ತಿರ ಬಂದು, "ನೀನೇನು ಮಾಡ್ತಿ ಕಣ್ಣು, ಹಾವು ಕಚ್ತು. ಅಷ್ಟೇ," ಎಂದ. ಅವನು ಬಯ್ದಿದ್ದರೆ ಅಳಬಹುದಿತ್ತು. ಅವಳು ತಲೆಯಾಡಿಸಿ ನಿಂತಳು. ಲಿಂಗಸಾಮಿ ಗಂಡಸರ ಗುಂಪಿನಿಂದ ದೂರ, ಚಪ್ಪಲಿಗಳ ಹತ್ತಿರ ಒಬ್ಬನೇ ಕೂತಿದ್ದ.

ಈಗ ಅಪ್ಪ ಫೋನ್ ಮಾಡಿದರೆ ಉಂಡ್ಯಾ ಎಂದು ಕೇಳುತ್ತಾನೆ. ಉಂಡೆ ಎನ್ನುತ್ತಾಳೆ. ಕೆಲಸದ ಮಾತು ಅವನು ಎತ್ತುವುದಿಲ್ಲ. ಹೊಸ ಟ್ಯಾಂಕುಗಳಲ್ಲಿ ಮೆಕ್ಕೆಜೋಳದ ಗಂಜಿ ಚೆನ್ನಾಗಿ ಹುದುಗುತ್ತದೆ. ಯೀಸ್ಟಿಗೆ ಯಾವ ತೊಂದರೆಯೂ ಇಲ್ಲ.

ಮೊನ್ನೆ ಶರವಣನ್ ಟ್ಯಾಂಕಿನ ಹತ್ತಿರ ಬಂದರು. "ಉಡುಮಲೈ, ಮಡತ್ತುಕುಳಂ ಕಡೆ ಮೆಕ್ಕೆಜೋಳ ಚೆನ್ನಾಗಿ ಬೆಳೆಯುತ್ತಾರಂತೆ. ನಿಮ್ಮ ಅಪ್ಪ ಒಂದು ಮಾತು ಹೇಳಿದರೆ ರೈತರು ನಮಗೇ ಕೊಡುತ್ತಾರಲ್ಲವಾ? ಅವರ ಮಾತನ್ನು ಜನ ಕೇಳುತ್ತಾರೆ."

"ಈಗ ಯಾರೂ ಕೇಳಲ್ಲ ಸಾರ್," ಎಂದಳು ಕೃತ್ತಿಕಾ.

"ಅಪ್ಪನನ್ನು ಒಮ್ಮೆ ಕೇಳಿ ನೋಡಬಹುದಲ್ಲ?"

ಅವಳು ಟ್ಯಾಂಕಿನ ಕಡೆ ತಿರುಗಿ ಮುಚ್ಚಳ ಬಿಗಿ ಮಾಡಿದಳು. ಹೊರಗಿನಿಂದ ಜೋಳದ ಲಾರಿಯೊಂದು ರಿವರ್ಸಿನಲ್ಲಿ ಶೆಡ್ಡಿನೊಳಗೆ ಬರುತ್ತಿತ್ತು. ಡ್ರೈವರ್ ದಾರಿ ಬಿಡಿ ಎಂದು ಕೂಗಿದ. ಇಬ್ಬರೂ ಗೋಡೆಗೆ ಒತ್ತಿ ನಿಂತರು.